ಜ್ವರಕ್ಕೆ ಮಳೆಯನ್ನೇ ಬೈದರೆ ಸಾಲದು

ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಹರಡುವ ಜ್ವರ-ಕೆಮ್ಮಿಗೆ ಮಳೆಯಲ್ಲಿ ನೆನೆದದ್ದೇ ಕಾರಣ ಎಂದು ಲೇಖನವೊಂದು ಹೇಳುತ್ತದೆ. ಆದರೆ ಇಂಥ ಜ್ವರ ತರುವ ಇನ್‌ಫ್ಲುಯೆಂಜಾ (ಫ್ಲೂ) ವೈರಸ್ ಹರಡುವುದು ಸೋಂಕಿತರ ಕೆಮ್ಮು, ಸೀನು, ಮಾತಿನ ಹನಿಗಳಿಂದ. ಜಡಿಮಳೆಗೆ ಕಿಟಕಿ ಎಳೆದುಕೊಂಡು ತುಂಬಿ ಹೊರಡುವ ತೀರ್ಥಹಳ್ಳಿ, ಸಾಗರದ ಬಸ್ಸುಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಎದುರುಬದುರು ಎರಡು ಕಿಟಕಿ ನಾಲ್ಕು ಬೆರಳು ತೆರೆದರೂ ಗಾಳಿಯಾಡುತ್ತದೆ (ಪಕ್ಕದವರು ಗೊಣಗುತ್ತಾರೆ, ಗೊಣಗಲಿ).

ಸೋಂಕು ತಗುಲಿದ 1ರಿಂದ 4 ದಿನಕ್ಕೆ ಜ್ವರ, ಮೈಕೈ ನೋವು, ಒಣಕೆಮ್ಮು. ಲಕ್ಷಣಕ್ಕೆ ಒಂದು ದಿನ ಮೊದಲೇ ಹರಡತೊಡಗಿ, ಬಂದ ಮೇಲೆ 5-7 ದಿನ ಹರಡುತ್ತದೆ. ಮಕ್ಕಳಲ್ಲಿ ಇನ್ನೂ ಹೆಚ್ಚು. ಕೆಮ್ಮು ಎರಡು ವಾರ ಎಳೆಯಬಹುದು, ವೈರಸ್‌ಗೆ ಆ್ಯಂಟಿಬಯೋಟಿಕ್ ನುಂಗಿ ಪ್ರಯೋಜನವಿಲ್ಲ. ಗರ್ಭಿಣಿಯರು, 65 ದಾಟಿದವರು, ಆಸ್ತಮಾ ಇರುವವರು ಕಾಯದೆ ವೈದ್ಯರನ್ನು ಕಾಣಬೇಕು. ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ ಲಕ್ಷಣ ಕಂಡ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ.

ರಕ್ತದ ಆಮ್ಲಜನಕ ಅಳೆಯುವ ಮನೆಯ ಆಕ್ಸಿಮೀಟರ್ ಥಂಡಿಗೆ ಮರಗಟ್ಟಿದ ಬೆರಳಿಗೆ, ನೇಲ್ ಪಾಲಿಶ್ ಹಚ್ಚಿದ ಉಗುರಿಗೆ ತಪ್ಪು ಅಂಕಿ ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗಾಗಿಸಿ, ಅಂಕಿ ನಿಂತ ಮೇಲೆ ನೋಡಿ. ಶೇ 94ಕ್ಕಿಂತ ಕೆಳಗಿದ್ದರೆ, ಅಥವಾ ಇಳಿದ ಜ್ವರ ಮತ್ತೆ ಏರಿದರೆ ಆಸ್ಪತ್ರೆಗೆ ಹೊರಡಿ.

ಡಿಸೆಂಬರ್‌ನಿಂದ ಮೇ ತನಕ ಮಾತ್ರ ಲೆಕ್ಕವೇ ಬೇರೆ. ಕಾಡಿಗೆ ಹೋಗಿ ಬಂದವರಿಗೆ ನೆಗಡಿಯಿಲ್ಲದೆ ದಿಢೀರ್ ಜ್ವರ, ವಿಪರೀತ ತಲೆನೋವು ಬಂದರೆ ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಗೂ ರಕ್ತ ಪರೀಕ್ಷೆ ಮಾಡಿಸಿ.