ಬಿಟ್ಟೆನೋ, ಹೋಯಿತೋ

"ಕೆಲಸ ಬಿಟ್ಟೆ" ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ಹೋದ ವರ್ಷದ ಜನವರಿಯಲ್ಲಿ. ಸುಳ್ಳು. ಕೆಲಸ ಹೋಗಿತ್ತು. ಜರ್ಮನಿಗೆ ಬಂದು ಹದಿಮೂರು ವರ್ಷವಾದರೂ ಕನ್ನಡದಲ್ಲಿ 'ಹೋಯಿತು' ಅನ್ನಲು ನಾಲಿಗೆ ಹೊರಳಲಿಲ್ಲ.

ನಮ್ಮ ಐಟಿ ಜನರಲ್ಲಿ ಯಾರ ಕೆಲಸವೂ ಹೋಗುವುದಿಲ್ಲ, ಎಲ್ಲರೂ ಬಿಡುತ್ತಾರೆ. ಸಣ್ಣ ಮೀಟಿಂಗ್ ರೂಮಿಗೆ ಕರೆದು, "ನೀವೇ ರಿಸೈನ್ ಮಾಡಿಬಿಡಿ, ರಿಲೀವಿಂಗ್ ಲೆಟರ್ ಚೊಕ್ಕವಾಗಿ ಕೊಡ್ತೀವಿ" ಅಂದರೆ ಮುಗಿಯಿತು. ಕಂಪನಿಗೆ ತೆಗೆದ ಪಾಪವಿಲ್ಲ, ನಮಗೆ ತೆಗೆಸಿಕೊಂಡ ಅವಮಾನವಿಲ್ಲ. ಮದುವೆಮನೆಯಲ್ಲಿ ಸಿಕ್ಕವರಿಗೆ "ಬ್ರೇಕ್ ತಗೊಂಡಿದೀನಿ" ಅಂದರಾಯಿತು.

ಇಲ್ಲಿ ಆ ಸುಳ್ಳಿಗೆ ದುಡ್ಡು ತೆರಬೇಕು. ಉದ್ಯೋಗ ಕಚೇರಿಯ ಅರ್ಜಿಯಲ್ಲಿ ಕೇಳುತ್ತಾರೆ: ಒಪ್ಪಂದ ಮುರಿದವರು ಯಾರು, ಕಂಪನಿಯೋ ನೀವೋ? ತಕ್ಕ ಕಾರಣವಿಲ್ಲದೆ ನೀವೇ ಬಿಟ್ಟಿದ್ದರೆ ನಿರುದ್ಯೋಗ ಭತ್ಯೆಗೆ ಸಾಮಾನ್ಯವಾಗಿ ಹನ್ನೆರಡು ವಾರ ತಡೆ. ಇಬ್ಬರೂ ಒಪ್ಪಿ ಬೇರೆಯಾಗುವ ಪತ್ರಕ್ಕೆ ಅವಸರದಲ್ಲಿ ಸಹಿ ಹಾಕಿದರೂ ಅದೇ ಗತಿ ಆಗಬಹುದು. ಕೆಲಸದಿಂದ ತೆಗೆಯುವ ಪತ್ರ ಕಾಗದದ ಮೇಲೆ, ಕೈಬರಹದ ಸಹಿಯೊಂದಿಗೆ ಬರಬೇಕು; ಇಮೇಲ್ ನಡೆಯುವುದಿಲ್ಲ. ಅದು ಕೈಸೇರಿದ ಮೇಲೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಮೂರು ವಾರ. ನನ್ನ ಹಾಗೆ ಎರಡೇ ತಿಂಗಳ ನೋಟಿಸ್ ಇದ್ದವರು ಮೂರು ದಿನದೊಳಗೆ ಉದ್ಯೋಗ ಕಚೇರಿಗೆ ತಿಳಿಸಬೇಕು. ಭತ್ಯೆ ಕೈಗೆ ಬರುತ್ತಿದ್ದ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67, ಐವತ್ತರೊಳಗಿನವರಿಗೆ ಹೆಚ್ಚೆಂದರೆ ಒಂದು ವರ್ಷ. ಇದು ದಾನವಲ್ಲ, ತಿಂಗಳು ತಿಂಗಳೂ ನಮ್ಮ ಸಂಬಳದಿಂದಲೇ ಕಡಿದುಕೊಂಡ ವಿಮೆ.

ಅಮ್ಮನಿಗೆ 'ಬಿಟ್ಟೆ' ಅಂದ ಮರುದಿನ ಅರ್ಜಿಯಲ್ಲಿ 'ಕಂಪನಿ ತೆಗೆಯಿತು' ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಎದುರು ಕೂತಿದ್ದ ಅಧಿಕಾರಿ ತಲೆ ಕೂಡ ಎತ್ತಲಿಲ್ಲ. ಅಯ್ಯೋ ಪಾಪ ಅನ್ನಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಆ ನಿರ್ಲಿಪ್ತತೆ ನನಗೆ ಸಾಂತ್ವನಕ್ಕಿಂತ ಹಿತವಾಗಿತ್ತು.

ಜೂನ್‌ನಲ್ಲಿ ಇನ್ನೊಂದು ಕೆಲಸ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅದೂ ಹೋಯಿತು. ಪ್ರೊಬೇಷನ್ನಿನ ಆರು ತಿಂಗಳಲ್ಲಿ ಎರಡು ವಾರದ ನೋಟಿಸ್ ಸಾಕು, ಕಾರಣ ಹೇಳಬೇಕಾಗಿಲ್ಲ. ಈ ಸಲ ಅಮ್ಮನಿಗೆ ಏನೂ ಹೇಳಲಿಲ್ಲ.

ಜರ್ಮನಿಯನ್ನು ಹೊಗಳಿದ್ದು ಸಾಕು. ಸುಳ್ಳು ಹೇಳುವುದರಲ್ಲಿ ಇವರೂ ಕಡಿಮೆಯಿಲ್ಲ, ಇವರ ಸುಳ್ಳಿಗೆ ವ್ಯಾಕರಣವಿದೆ ಅಷ್ಟೆ. ಕೆಲಸ ಮುಗಿದಾಗ ಪ್ರಶಂಸಾಪತ್ರ ಕೇಳಿ ಪಡೆಯುವುದು ನಮ್ಮ ಹಕ್ಕು, ಅದರಲ್ಲಿ ಕಟುವಾಗಿ ಬರೆಯುವಂತಿಲ್ಲ. ಹಾಗಾಗಿ ಎಲ್ಲವೂ ಗೂಢಲಿಪಿ. 'ಸದಾ ನಮಗೆ ಸಂಪೂರ್ಣಾತಿಸಂಪೂರ್ಣ ತೃಪ್ತಿ' ಅಂದರೆ ಅತ್ಯುತ್ತಮ. ಬರೀ 'ನಮಗೆ ತೃಪ್ತಿ' ಅಂದರೆ ಹೇಗೋ ಪಾಸು. 'ಪ್ರಯತ್ನಪಟ್ಟರು' ಅಂತ ಬರೆದರೆ ದೇವರೇ ಗತಿ. ನನ್ನ ಎರಡನೆಯ ಪತ್ರದಲ್ಲಿ 'ಸದಾ' ಇರಲಿಲ್ಲ. ಅದೊಂದು ಪದಕ್ಕಾಗಿ ಎರಡು ರಾತ್ರಿ ನಿದ್ದೆಗೆಟ್ಟೆ.

ಇನ್ನು ದಾರಿ ಬದಲಿಸುವ ಮಾತು. ನಾನು ಓದಿದ್ದು ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ. 2003ರಲ್ಲಿ ಮೂರು ತಿಂಗಳ ಕೋರ್ಸ್ ಮುಗಿಸಿ ಬೆಂಗಳೂರಿನಲ್ಲಿ ಟೆಸ್ಟರ್ ಆದೆ. ಕಪ್ಪೆ ಕೊಯ್ದವನಿಗೆ ಸಾಫ್ಟ್‌ವೇರ್ ಏನು ಗೊತ್ತು ಅಂತ ಯಾರೂ ಕೇಳಲಿಲ್ಲ. ಪರಿಚಯದವರೊಬ್ಬರು "ಹುಡುಗ ಚುರುಕು" ಅಂದರು, ಅಷ್ಟು ಸಾಕಾಯಿತು. ಮುನ್ನೂರಕ್ಕೂ ಹೆಚ್ಚು ಕಸುಬುಗಳಿಗೆ ಅಧಿಕೃತ ತರಬೇತಿ, ಅಧಿಕೃತ ಪರೀಕ್ಷೆ ಇಟ್ಟಿರುವ ಈ ದೇಶದಲ್ಲಿ ನಲವತ್ತನಾಲ್ಕನೇ ವಯಸ್ಸಿನಲ್ಲಿ "ಕಲಿತುಕೊಳ್ತೀನಿ" ಅಂದರೆ "ಸರ್ಟಿಫಿಕೇಟ್ ಎಲ್ಲಿ?" ಅನ್ನುತ್ತಾರೆ. ನಮ್ಮಲ್ಲಿ ಬಿದ್ದೆ ಅನ್ನುವುದು ಕಷ್ಟ, ಎದ್ದು ಬೇರೆ ದಿಕ್ಕಿಗೆ ನಡೆಯುವುದು ಸಲೀಸು. ಇಲ್ಲಿ ತಿರುಗುಮುರುಗು. ಎರಡರಲ್ಲಿ ಒಂದನ್ನು ಆರಿಸು ಅಂದರೆ, ಪರ್ಮನೆಂಟ್ ರೆಸಿಡೆನ್ಸಿ ಸಿಕ್ಕಿರುವ ನನ್ನಂಥವನು ಇಲ್ಲಿಯದನ್ನೇ ಆರಿಸುತ್ತಾನೆ. ಕೆಲಸದ ಜೊತೆ ವೀಸಾದ ಚಿಂತೆಯೂ ಇರುವ ಹುಡುಗರನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಆ ಸರ್ಟಿಫಿಕೇಟ್‌ಗೂ ಉದ್ಯೋಗ ಕಚೇರಿಯೇ ದುಡ್ಡು ಕೊಡಬಹುದು. ತರಬೇತಿ ವೋಚರ್ ಅಂತ ಒಂದಿದೆ. ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ನಾನು ಎರಡು ಸಲ ಕೇಳಿದೆ, ಎರಡನೆಯ ಸಲ ಒಪ್ಪಿದರು. ಅಂಗವಿಕಲರಿಗೂ ಬಳಸಲು ಬರುವಂತೆ ಆನ್‌ಲೈನ್ ಅಂಗಡಿ, ಬ್ಯಾಂಕಿನ ಆ್ಯಪ್‌ಗಳಿರಬೇಕು ಅನ್ನುವ ಐರೋಪ್ಯ ಕಾನೂನು 2025ರ ಜೂನ್ 28ರಿಂದ ಜಾರಿಯಲ್ಲಿದೆ. ಅದನ್ನು ಪರೀಕ್ಷಿಸುವ ಕೆಲಸ ಕಲಿತೆ. ಕಣ್ಣು ಕಾಣದ ಶಿಕ್ಷಕರೊಬ್ಬರು ಮೊದಲ ದಿನವೇ ನನ್ನ ಮಾನಿಟರ್ ಆಫ್ ಮಾಡಿ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಚ್ಚಿ, ರೈಲು ಟಿಕೆಟ್ ತೆಗೆಯಲು ಹೇಳಿದರು. ನಲವತ್ತು ನಿಮಿಷ ಒದ್ದಾಡಿದೆ. ಪುಟದಲ್ಲಿದ್ದ ಗುಂಡಿಗಳೆಲ್ಲ ಕಿವಿಗೆ ಬರೀ "ಬಟನ್, ಬಟನ್, ಬಟನ್". ಇಪ್ಪತ್ತು ವರ್ಷ ಇಂಥವನ್ನೇ 'ಪಾಸ್' ಮಾಡಿ ಮುಂದೆ ಕಳಿಸಿದ್ದೆನಲ್ಲ ಅನ್ನಿಸಿತು. ಆ ವರ್ಷ ಕೆಲಸ ಹೋದದ್ದಕ್ಕಿಂತ ಜಾಸ್ತಿ ನಾಚಿಕೆಯಾದದ್ದು ಅವತ್ತು.

ಮಾರ್ಚ್‌ನಲ್ಲಿ ಹೊಸ ಕೆಲಸಕ್ಕೆ ಸೇರಿದೆ, ಹಳೆಯದಕ್ಕಿಂತ ಸಂಬಳ ಕಡಿಮೆ. ಆಮೇಲೆ ಅಮ್ಮನಿಗೆ ನಿಜ ಹೇಳಿದೆ, ಎರಡು ಸಲದ್ದೂ. "ಗೊತ್ತಿತ್ತು ಕಣೋ. ಬಿಟ್ಟವನು ದಿನಾ ಮಧ್ಯಾಹ್ನ ಫೋನ್ ಮಾಡ್ತಾನಾ?" ಅಂದಳು. ಆಮೇಲೆ ಕೇಳಿದಳು, "ಇದಾದರೂ ಪರ್ಮನೆಂಟಾ?"

ಪ್ರೊಬೇಷನ್ ಮುಗಿಯಲು ಇನ್ನೂ ಏಳು ವಾರ ಇದೆ ಅಂದೆ.