ಗೊತ್ತಿದ್ದ ಬಂಡೆಗೆ ಹಡಗು ಬಡಿಯಬಾರದು

ಹಡಗು ಎಲ್ಲೋ ಬಂಡೆಗೆ ಬಡಿದ ಸುದ್ದಿ ಬಂದ ಕೂಡಲೇ ನಾವು ಹೇಳುವ ಮಾತು, ‘ಪಾಪ, ಅಲ್ಲಿ ಬಂಡೆ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.’ ಸೆಕೆಂಡ್ ಆಫೀಸರ್ ಆಗಿ ವರ್ಷಗಟ್ಟಲೆ ಚಾರ್ಟ್, ಅಂದರೆ ಸಮುದ್ರದ ನಕ್ಷೆ, ತಿದ್ದಿದವನು ನಾನು. ಈ ಮಾತನ್ನು ಒಪ್ಪಲಾರೆ. ಎಷ್ಟೋ ಸಲ ಯಾರಿಗೋ ಗೊತ್ತಿರುತ್ತದೆ. ಬ್ರಿಡ್ಜ್‌ನಲ್ಲಿ (ಹಡಗು ನಡೆಸುವ ಕೋಣೆಯಲ್ಲಿ) ಪಾಳಿಯಲ್ಲಿರುವವನಿಗೆ ಮಾತ್ರ ಅದು ತಲುಪಿರುವುದಿಲ್ಲ.

2013ರ ಜನವರಿ 17ರಂದು ಅಮೆರಿಕ ನೌಕಾಪಡೆಯ ‘ಗಾರ್ಡಿಯನ್’ ಹಡಗು ಫಿಲಿಪ್ಪೀನ್ಸ್‌ನ ತುಬ್ಬತಾಹಾ ಹವಳದ ದಿಬ್ಬದ ಮೇಲೆ ಹತ್ತಿ ಕೂತಿತು. ಅವರ ಡಿಜಿಟಲ್ ಚಾರ್ಟ್‌ನಲ್ಲಿ ದಿಬ್ಬ ಇತ್ತು. ಆದರೆ ನಿಜವಾದ ಜಾಗದಿಂದ ಸುಮಾರು 8 ನಾಟಿಕಲ್ ಮೈಲಿ ಆಚೆ! ಚಾರ್ಟ್ ಮಾಡುವ ಸಂಸ್ಥೆಗೆ ಈ ತಪ್ಪು 2011ರಲ್ಲೇ ತಿಳಿದಿತ್ತು. ಒಂದು ಸ್ಕೇಲ್‌ನ ಚಾರ್ಟ್ ತಿದ್ದಿದರು, ಇನ್ನೊಂದು ಹಾಗೇ ಉಳಿಯಿತು. ಹಡಗಿನವರು ನಂಬಿದ್ದು ಆ ಉಳಿದದ್ದನ್ನು. ಎಚ್ಚರಿಕೆಯ ಸೂಚನೆಗಳಿದ್ದರೂ ಅವರು ನಿಂತು ವಿಚಾರಿಸಲಿಲ್ಲ ಅಂತ ನೌಕಾಪಡೆಯ ತನಿಖೆಯೂ ಹೇಳಿತು. ಕೊನೆಗೆ ಹಡಗನ್ನು ಅಲ್ಲೇ ಕತ್ತರಿಸಿ ತುಂಡು ತುಂಡಾಗಿ ಸಾಗಿಸಿದರು. ಹವಳ ಹಾಳಾದದ್ದು 2,300 ಚದರ ಮೀಟರ್‌ಗಿಂತ ಜಾಸ್ತಿ.

ಅದಕ್ಕೂ ಮುಂಚೆ, 2005ರಲ್ಲಿ, ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಆಗ್ನೇಯಕ್ಕೆ ಅಮೆರಿಕದ ‘ಸ್ಯಾನ್ ಫ್ರಾನ್ಸಿಸ್ಕೋ’ ಜಲಾಂತರ್ಗಾಮಿ ನೀರಿನಡಿಯ ಬೆಟ್ಟಕ್ಕೆ ಗುದ್ದಿತು. ಒಬ್ಬ ನಾವಿಕ ಸತ್ತ. ಬಳಸುತ್ತಿದ್ದ ಚಾರ್ಟ್‌ನಲ್ಲಿ ಅಪಾಯದ ಗುರುತಿರಲಿಲ್ಲ. ಅದೇ ಹಡಗಿನಲ್ಲಿದ್ದ ಬೇರೆ ಚಾರ್ಟ್‌ಗಳಲ್ಲಿ ‘ನೀರಿನ ಬಣ್ಣ ಬೇರೆ’ ಅನ್ನುವ, ಅಂದರೆ ಅಲ್ಲಿ ಆಳ ಕಮ್ಮಿ ಇರಬಹುದು ಅನ್ನುವ, ಸೂಚನೆ ಇತ್ತು. ಒಂದರಿಂದ ಇನ್ನೊಂದಕ್ಕೆ ಅದನ್ನು ಎತ್ತಿ ಬರೆದಿದ್ದರೆ ಸಾಕಿತ್ತು, ಅಲ್ವಾ? ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾಗದದ ಚಾರ್ಟ್ ಕಾಲದಲ್ಲಿ ಆ ಕೆಲಸ ಕೈಯಲ್ಲೇ ಆಗಬೇಕಿತ್ತು. ಡೆಹ್ರಾಡೂನ್‌ನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ (ಸಮುದ್ರ ಅಳೆದು ಚಾರ್ಟ್ ಮಾಡುವ) ಕಚೇರಿಯಿಂದ ಹದಿನೈದು ದಿನಕ್ಕೊಮ್ಮೆ ‘ನೋಟಿಸಸ್ ಟು ಮ್ಯಾರಿನರ್ಸ್’ ಅನ್ನುವ ತಿದ್ದುಪಡಿಗಳ ಪಟ್ಟಿ ಬರುತ್ತದೆ. ಎಲ್ಲಿ ಬೋಯ್ (ದಾರಿ ತೋರುವ ತೇಲುಗುರುತು) ಜರುಗಿದೆ, ಎಲ್ಲಿ ಹಡಗು ಮುಳುಗಿದೆ, ಎಲ್ಲಿ ಆಳ ಕಮ್ಮಿಯಾಗಿದೆ ಅಂತ ನೋಡಿ ಮೆಜೆಂಟಾ ಶಾಯಿಯಲ್ಲಿ ತಿದ್ದಬೇಕು. ತಿದ್ದಿದ ಮೇಲೆ ಚಾರ್ಟ್‌ನ ಕೆಳಗಿನ ಎಡಮೂಲೆಯಲ್ಲಿ ನೋಟಿಸ್ ನಂಬರ್ ಬರೆಯಬೇಕು. ಬೇಸರದ ಕೆಲಸ ಅಂತ ಹೊಸಬರು ಗೊಣಗುತ್ತಾರೆ. ಹಡಗಿನಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ನನಗಂತೂ ಕಾಣಲಿಲ್ಲ.

ಈಗ ಎಲ್ಲ ಸ್ಕ್ರೀನ್ ಮೇಲೆ. ‘ಅಪ್‌ಡೇಟ್ ಹಾಕಿದರೆ ಆಯಿತು’ ಅನ್ನುವವರ ಜೊತೆ ನನ್ನ ತಕರಾರು ಇಲ್ಲೇ ಇದೆ. ಯಾರೋ ಅಳೆದು, ಯಾರೋ ತಿಳಿಸಿದ್ದಷ್ಟೇ ಅಪ್‌ಡೇಟ್‌ನಲ್ಲಿ ಬರುತ್ತದೆ. 1992ರಲ್ಲಿ ‘ಕ್ವೀನ್ ಎಲಿಜಬೆತ್ 2’ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ನೆಲಕ್ಕೆ ತಾಗಿದಾಗ, ಅಲ್ಲಿನ ಚಾರ್ಟ್‌ನ ಆಳ 1939ರ ಸರ್ವೆಯದ್ದಾಗಿತ್ತು. ಹಳೇ ಅಳತೆಯೂ ಹೊಸ ಅಳತೆಯೂ ಸ್ಕ್ರೀನ್ ಮೇಲೆ ಒಂದೇ ಥರ ಅಚ್ಚುಕಟ್ಟಾಗಿ ಕಾಣುತ್ತವೆ. ಯಾವ ಭಾಗವನ್ನು ಎಷ್ಟು ನಂಬಬಹುದು ಅನ್ನುವ ಗುರುತು ಚಾರ್ಟ್‌ನಲ್ಲೇ ಇರುತ್ತದೆ. ಅದನ್ನು ತೆರೆದು ನೋಡುವ ಅಭ್ಯಾಸ ಬೇಕು.

ನಮ್ಮ ಕರಾವಳಿಯ ವಿಷಯಕ್ಕೆ ಬರುತ್ತೇನೆ. ಗಂಗೊಳ್ಳಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಅಳಿವೆ ಬಾಗಿಲಿನ ಮರಳು ಮಳೆಗಾಲ ಕಳೆದ ಮೇಲೆ ಮೊದಲಿದ್ದಲ್ಲೇ ಇರುವುದಿಲ್ಲ. ಅದು ಮೊದಲು ಗೊತ್ತಾಗುವುದು ನಮ್ಮ ಬೋಟಿನವರಿಗೆ. ಬಲೆ ಸಿಕ್ಕಿ ಹರಿದ ಕಲ್ಲುಗಳ ಗುರುತು ಅವರ ಜಿಪಿಎಸ್‌ನಲ್ಲಿರುತ್ತದೆ. ಇದೆಲ್ಲ ಡೆಹ್ರಾಡೂನ್ ತಲುಪುವ ದಾರಿ ಯಾವುದು? ಕಂಡ ಅಪಾಯವನ್ನು ತಿಳಿಸಲು ಹೈಡ್ರೋಗ್ರಾಫಿಕ್ ನೋಟ್ ಅನ್ನುವ ಫಾರಂ ಇದೆ ನಿಜ. ಆದರೆ ಅದು ಹಡಗಿನ ಆಫೀಸರ್‌ಗಳಿಗೆ ಒಗ್ಗುವ ಇಂಗ್ಲಿಷ್ ಫಾರಂ.

ಕಲ್ಲಿದ್ದಲ್ಲಿ ಮೀನಿರುತ್ತದೆ, ಆ ಜಾಗವನ್ನು ಮೀನುಗಾರರು ಯಾಕೆ ಬಿಟ್ಟುಕೊಡುತ್ತಾರೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರ ಗುಟ್ಟು ನಮಗೆ ಬೇಡ. ತುಂಬಾ ಆಳದ ಕಲ್ಲಿನಿಂದ ಹಡಗಿಗೆ ತೊಂದರೆಯಿಲ್ಲ. ಆಳ ಕಮ್ಮಿ ಇರುವ ಕಡೆಯ ಕಲ್ಲು, ಜರುಗಿದ ಮರಳು, ಕಿತ್ತುಹೋದ ಬೋಯ್, ಆರಿದ ದೀಪ ಇಷ್ಟನ್ನು ತಿಳಿಸಿದರೆ ಸಾಕು.

ಹಾಗಾಗಿ ಬಂದರು ಇಲಾಖೆಗೂ ಮೀನುಗಾರರ ಸಂಘಗಳಿಗೂ ನನ್ನ ಕೋರಿಕೆ ಇದು. ಕನ್ನಡದಲ್ಲಿ, ಫೋನಿನಲ್ಲೇ ತುಂಬುವ ಒಂದು ಪುಟ್ಟ ಫಾರಂ ಮಾಡಿ. ಜಾಗ, ದಿನ, ಕಂಡದ್ದೇನು, ಸಾಧ್ಯವಾದರೆ ಒಂದು ಫೋಟೋ. ಬಂದದ್ದನ್ನು ಪರಿಶೀಲಿಸಿ ಡೆಹ್ರಾಡೂನ್‌ಗೆ ಕಳಿಸಲು ಪ್ರತಿ ಬಂದರಿನಲ್ಲೂ ಒಬ್ಬರನ್ನು ನೇಮಿಸಿ. ಮಾಹಿತಿ ಚಾರ್ಟ್‌ಗೆ ಸೇರಿದ ದಿನ ಆ ನೋಟಿಸ್ ನಂಬರನ್ನು, ಮಾಹಿತಿ ಕೊಟ್ಟ ತಾಂಡೇಲರಿಗೆ (ಬೋಟ್ ನಡೆಸುವ ಮುಖ್ಯಸ್ಥರಿಗೆ) ತಪ್ಪದೆ ಕಳಿಸಿ. ಉತ್ತರ ಬಂದರೆ ಅವರು ಇನ್ನೊಮ್ಮೆಯೂ ತಿಳಿಸುತ್ತಾರೆ.