ಟಿಕಳಿ ಹಚ್ಚಿದ ಪೆನ್‌ಡ್ರೈವ್

ಟ್ಯೂಷನ್ನಾಗ ಕೆಮಿಸ್ಟ್ರಿ ಸರ್ ಬೋರ್ಡ್ ಮ್ಯಾಲ ಬೆಂಝೀನ್ ರಿಂಗ್ ತಗೀಲಕತ್ತಿದ್ರು, ನಾವು ಐವತ್ತು ಮಂದಿ ಉಸಿರು ಸೈತ ಸಣ್ಣಗ ಬಿಟ್ಕೋತ ಕುಂತಿದ್ದಿವಿ, ಯಾಕಂದ್ರ ನಮ್ಮ ಸರ್‌ಗ ಗದ್ಲ ಅಂದ್ರ ಆಗಂಗಿಲ್ಲ. ಅದೇ ಟೈಮಿಗಿ ನನ್ನ ಕಾಲು ಬೆಂಚಿನ ಕೆಳಗಿದ್ದ ಬ್ಯಾಗಿಗಿ ಬಡೀತು. ಝಲ್!

ಸರ್ ಚಾಕ್‌ಪೀಸ್ ನಿಂದ್ರಿಸಿದ್ರು. ಹಿಂದ ತಿರುಗಲಿಲ್ಲ, ಬೋರ್ಡಿಗಿ ಮಾರಿ ಮಾಡೇ ಕೇಳಿದ್ರು, "ಯಾರ ಎತ್ತು ಒಳಗ ಬಂದಾವ ನೋಡ್ರಪ್ಪ."

ಎತ್ತಲ್ರಿ, ಅದು ನನ್ನ ಗೆಜ್ಜಿ. ಒಂದೊಂದ್ ಕಾಲಿಗಿ ಐವತ್ತು, ಎರಡೂ ಕೂಡಿ ನೂರು. ಡಾನ್ಸ್ ಬ್ಯಾಗಿನ್ಯಾಗ ಇರಬೇಕಾಗಿತ್ತು, ಟ್ಯೂಷನ್ ಬ್ಯಾಗಿನ್ಯಾಗ ಬಂದ್ ಕುಂತಿತ್ತು, ಖರೇ ಹೇಳ್ಬೇಕಂದ್ರ ಬ್ಯಾಗೇ ಬದಲಾಗಿತ್ತು. ಇದಕ್ಕೆಲ್ಲಾ ನಮ್ಮವ್ವನೇ ಕಾರಣ. ಸೂಪರ್ ಮಾರ್ಕೆಟ್‌ನ್ಯಾಗ ಒಂದು ಬ್ಯಾಗ್ ತಗೊಂಡ್ರ ಒಂದು ಫ್ರೀ ಅಂತ ಎರಡೂ ನೀಲಿ, ಎರಡೂ ಒಂದೇ ಸೈಜು, ಎರಡಕ್ಕೂ ಒಂದೇ ಕಡಿ ಚೈನ್ ಕೆಟ್ಟಿದ್ದು ತಂದಿಟ್ಟಾಳ. ಅವತ್ತ ಸಂಜಿಕಿ ಡಾನ್ಸ್ ಕ್ಲಾಸಿಗಿ ಅಪ್ಪ ಮನಿಯಿಂದ ಇನ್ನೊಂದು ಬ್ಯಾಗ್ ತಂದುಕೊಟ್ಟ, ಅದ್ರಾಗ ನೋಡ್ತೀನಿ, ಜೋಳದ ರೊಟ್ಟಿ ಡಬ್ಬಿ, ಶೇಂಗಾ ಹಿಂಡಿ, ಮ್ಯಾಲೊಂದು ಫಿಸಿಕ್ಸ್ ಗೈಡು. ಮೇಡಂ ತಾಳ ಹಾಕೂ ಕಟ್ಟಿಗಿ, ಅದೇ ತಟ್ಟುಕಳಿ, ಕೈಯಾಗ ಹಿಡ್ಕೊಂಡೇ ನೋಡ್ಲಕತ್ತಿದ್ರು. ನಾನು ಒಂದ್ ರೊಟ್ಟಿ ಕೊಟ್ಟು ಬಚಾವಾದೆ.

ನನ್ನ ಟೈಮ್‌ಟೇಬಲ್ ಸ್ವಲ್ಪ ಕೇಳ್ರಿ, ಆಮ್ಯಾಲ ಬೇಕಿದ್ರ ನಗ್ರಿ. ಫಸ್ಟ್ ಪಿಯುಸಿ ಮುಗದು ಸೂಟಿ ಬಿಟ್ಟಾರ ಅಂತ ಮಂದಿ ಅಂದ್ಕೋತಾರ. ಮುಂಜಾನಿ 6ಕ್ಕ ಟ್ಯೂಷನ್, 11ರ ತನಕ. ಮನಿಗಿ ಬಂದು ಉಂಡು ಮಕ್ಕೊಬೇಕನ್ನೂದ್ರಾಗ ಹೋಂವರ್ಕ್. 4ಕ್ಕ ಮತ್ತ ಟೆಸ್ಟ್. 6:30ಕ್ಕ ಭರತನಾಟ್ಯ. ಐತಾರ ದಿನ ಬ್ಯಾರೆ ರಿಹರ್ಸಲ್, ಅದು ಸುರು ಆಗೂದು ಗೊತ್ತು, ಮುಗಿಯೂದು ನಮ್ಮೂರ ದೇವ್ರು ಶರಣಬಸಪ್ಪಗೇ ಗೊತ್ತು. ಪುಣ್ಯಾಕ ನಮ್ ಕಲಬುರಗಿ ಕಡಿ ಬ್ಯಾಸಿಗ್ಯಾಗ ಸರ್ಕಾರಿ ಆಫೀಸ್ ಟೈಮೂ ಮುಂಜಾನಿ 8ರಿಂದ ಮಧ್ಯಾಹ್ನ 1:30ಕ್ಕ ಬದಲಾಗ್ತದ, ಅದಕ್ಕ ಅಪ್ಪ ಮಧ್ಯಾಹ್ನದಿಂದ ರಾತ್ರಿ ತನಕ ನನ್ನ ಡ್ರೈವರ್. ಸರ್ಕಾರ ಬಿಸಿಲಿಗಿ ಅಂತ ಕೊಟ್ಟ ಸವಲತ್ತು ಇದು, ಅಪ್ಪ ಮಾತ್ರ ಅದೇ ಬಿಸಿಲಾಗ ಸ್ಕೂಟಿ ಮ್ಯಾಲ ನಾಕು ಟ್ರಿಪ್ ಹೊಡೀತಾನ.

ಡಾನ್ಸ್ ಕ್ಲಾಸಿನ್ಯಾಗ ಮೇಡಂ "ಕುಂದ್ರು, ಇನ್ನಾ ಕುಂದ್ರು, ಅರಮಂಡಿ ಎಲ್ಲದ?" ಅಂತಾರ, ಮನಿಗಿ ಬಂದ್ರ ಅವ್ವ "ಕುಂತೇ ಇರ್ತಿಯಲ್ಲ ಯವ್ವ, ಏಳು" ಅಂತಾಳ. ಅರಮಂಡಿ ಅಂದ್ರ ಗೊತ್ತಿಲ್ಲದವ್ರಿಗಿ ಹೇಳ್ತೀನಿ, ಮೊಣಕಾಲು ಎರಡೂ ಬಾಜೂಕ ಮಡಚಿ, ಬೆನ್ನು ನೆಟ್ಟಗ ಇಟ್ಟು, ಕುರ್ಚಿ ಇಲ್ಲದ ಕುರ್ಚಿ ಮ್ಯಾಲ ಕುಂತಂಗ ನಿಂದ್ರೂದು, ಮತ್ತ ಅದರ ಮ್ಯಾಲ ನಗಬೇಕು. ಒಂದ್ ತಾಸು ಹಂಗ ಕುಂತು, ನೆಲಕ್ಕ ಪಾದ ಬಡಿಯೂ ತಟ್ಟಡವು ಹೊಡದು ಬಂದಮ್ಯಾಲ ಮನಿ ಮೂರ್ ಪಾವಟಿಗಿನೂ ಕಲಬುರಗಿ ಕೋಟೆ ಬುರುಜ್ ಹತ್ತಿದಂಗ ಅನಸ್ತದ.

ಬಸ್ಸಿನ ಕತಿ ಅಂತೂ ಯಾರಿಗೂ ಹೇಳಿಲ್ಲ, ಇಲ್ಲೇ ಹೇಳಿಬಿಡ್ತೀನಿ. ಭರತನಾಟ್ಯದ ಜೂನಿಯರ್ ಪರೀಕ್ಷಾ ಇತ್ತು, 28 ಅಸಂಯುತ ಹಸ್ತ, ಅಂದ್ರ ಒಂದೇ ಕೈಲೆ ಮಾಡೂ ಮುದ್ರಿ, ಶ್ಲೋಕ ಸಮೇತ ಬರಬೇಕು. ಸಿಟಿ ಬಸ್ಸಿನ್ಯಾಗ ಕಂಬಕ್ಕ ಆತು ನಿಂತು ಮನಸ್ಸಿನ್ಯಾಗ ಶ್ಲೋಕ ಅನ್ಕೋತ ಒಂದೇ ಕೈಲೆ ಪತಾಕ, ತ್ರಿಪತಾಕ, ಅರ್ಧಪತಾಕ, ಕರ್ತರೀಮುಖ ಅಂತ ಬೆರಳು ಮಡಚ್ಕೋತ ಹೊಂಟಿದ್ದೆ. ಎದುರಿನ ಸೀಟಿನ ಆಯಿ ಭಾಳೊತ್ತು ನೋಡಿದ್ಳು. ಆಮ್ಯಾಲ ಬಾಜೂದಾಕಿಗಿ ಅಂದ್ಳು, "ಪಾಪ, ಮಾತು ಬರಂಗಿಲ್ಲ ಕಾಣಸ್ತದ ಕೂಸಿಗಿ. ಎಂಥಾ ಚಂದ ಹುಡುಗಿ, ದೇವ್ರು ನೋಡು." ಅಂದವಳೇ ಎದ್ದು ನನ್ನ ಕೈ ಹಿಡದು ತನ್ನ ಸೀಟಿನ್ಯಾಗ ಕುಂದ್ರಿಸಿದ್ಳು.

ನಾನು ಖರೇ ಹೇಳ್ಬೇಕಾಗಿತ್ತು. ಗೊತ್ತದ. ಆದ್ರ ಹಿಂದಿನ ದಿನ ಎರಡು ತಾಸು ಅರಮಂಡಿ ಆಗಿತ್ತು, ತೊಡಿ ಎರಡೂ ಬೆಂಕಿ ಹಚ್ಚಿದಂಗ ಉರೀಲಕತ್ತಿದ್ವು, ಸೀಟು ಮೆತ್ತಗಿತ್ತು. ಸುಮ್ನ ಕುಂತೆ. ಉಪಕಾರ ಅಂತ ಎರಡೂ ಕೈ ಕೂಡ್ಸಿ ಅಂಜಲಿ ಹಸ್ತ ಮಾಡಿದೆ, ಆಕಿಗಿ ಕಣ್ಣಾಗ ನೀರೇ ಬಂತು. ಚೀಲದಾಗಿಂದ ಒಂದು ಹಿಡಿ ಹುರದ ಶೇಂಗಾ ತಗದು ಉಡ್ಯಾಗ ಹಾಕಿದ್ಳು. ಅಷ್ಟೊತ್ತಿಗಿ ಕಂಡಕ್ಟರ್ ಅಣ್ಣಾ ಗದ್ಲದಾಗ ನುಗ್ಕೋತ ಬಂದು "ಆಧಾರ್ ಕಾರ್ಡ್ ತೋರ್ಸವ್ವ, ಎಲ್ಲಿಗಿ?" ಅಂದ. ಶೇಂಗಾ ನುಂಗಿ ನಾನು ಇಡೀ ಬಸ್ಸಿಗಿ ಕೇಳೂವಂಗ "ಜಗತ್ ಸರ್ಕಲ್ ಒಂದು ಕೊಡ್ರಿ ಅಣ್ಣಾ!" ಅಂದೆ.

ಬಸ್ ಎಲ್ಲಾ ಗಪ್ ಆಯ್ತು. ಆಯಿ ನನ್ನ ಮಾರಿ ನೋಡಿದ್ಳು, ಕಿಡಕ್ಯಾಗ ಗುಡಿ ಇದ್ದ ದಿಕ್ಕಿಗಿ ತಿರಗಿ ಕೈ ಮುಗದ್ಳು, "ಶರಣಬಸಪ್ಪ, ಏನ್ ಮಹಿಮಾನಪ್ಪ ನಿಂದು!" ಅಂದ್ಳು. ನಾನು ಜೀರೋ ಟಿಕೆಟ್ ಹಿಡ್ಕೊಂಡು ಜಗತ್ ಬರೂಕಿಂತ ಒಂದ್ ಸ್ಟಾಪ್ ಮೊದಲೇ ಇಳದುಬಿಟ್ಟೆ.

ಇನ್ನ ಈ ವರ್ಷದ ದೊಡ್ಡ ಪ್ರೋಗ್ರಾಂ. ಏಪ್ರಿಲ್ 29, ವಿಶ್ವ ನೃತ್ಯ ದಿನ. ಯಾಕ ಅದೇ ತಾರೀಖು ಅಂತ ಹುಡುಕಿದೆ, ನೊವೆರ್ ಅಂತ ಫ್ರಾನ್ಸಿನ ಬ್ಯಾಲೆ ಗುರು ಒಬ್ಬಾಂವ 1727ರಾಗ ಅವತ್ತ ಹುಟ್ಟಿದ್ದಂತ, 1982ರಿಂದ ಜಗತ್ತೆಲ್ಲಾ ಅವನ ಹುಟ್ಟಿದ ದಿನ ಕುಣೀಲಕತ್ತದ. ಪ್ಯಾರಿಸ್‌ನ್ಯಾಗ ಏಪ್ರಿಲ್ ಅಂದ್ರ ಹೂವು ಅರಳೂ ಟೈಮು. ಕಲಬುರಗ್ಯಾಗ ಏಪ್ರಿಲ್ ಅಂದ್ರ 42 ಡಿಗ್ರಿ, ಕಾಗಿ ಸೈತ ನೆಳ್ಳು ಬಿಟ್ಟು ಬರಂಗಿಲ್ಲ. ಆ ಪುಣ್ಯಾತ್ಮ ಒಂದ್ ನಾಕ್ ತಿಂಗಳು ಮೊದಲು ಹುಟ್ಟಿದ್ರ ಏನ್ ಗಂಟು ಹೋಗ್ತಿತ್ತೋ.

ಬ್ಯಾಲೆ ಅಂದ ಕೂಡ್ಲೆ ನೆನಪಾಯ್ತು, ಸೂಟಿಗಿ ಬೆಂಗಳೂರಿನಿಂದ ಕಾಕಾನ ಮಗಳು ಬಂದಿದ್ಳು, ಆಕಿ ಅಲ್ಲಿ ಬ್ಯಾಲೆ ಕಲೀತಾಳ. ಬರೂವಾಗ ಬೂಟು ಬ್ಯಾರೆ ತಂದಿದ್ಳು, ಗುಲಾಬಿ ರೇಷ್ಮಿ ಬಟ್ಟಿ, ರಿಬ್ಬನ್ನು, ಬೆರಳ ತುದಿ ಜಾಗದಾಗ ಬಟ್ಟಿ, ಕಾಗದ ಪದರ ಪದರ ಅಂಟು ಹಚ್ಚಿ ಕಲ್ಲಿನಂಗ ಗಟ್ಟಿ ಮಾಡಿರ್ತಾರ, ಅದರ ಮ್ಯಾಲೇ ಇಡೀ ಮೈ ಭಾರ ಹಾಕಿ ನಿಂದ್ರೂದು. ನಮ್ಮ ಆಯಿ ಅದನ್ನ ಕೈಯಾಗ ತಗೊಂಡು, ತುದಿ ನೆಲಕ್ಕ ಟಕ್ ಟಕ್ ಬಡದು ನೋಡಿ, "ಚಲೋ ಅದ ಬಿಡು, ಇದ್ರಾಗ ಶೇಂಗಾ ಕುಟ್ಟಬಹುದು" ಅಂದ್ಳು. ನಕ್ಕಿದ್ವಿ. ಆದ್ರ ಕಾಕಾನ ಮಗಳು ಹೇಳಿದ್ಳು, ಹೊಸ ಬೂಟ್ ಮೆತ್ತಗ ಆಗಲಿ ಅಂತ ಅವ್ರೂ ನೆಲಕ್ಕ, ಗ್ವಾಡಿಗಿ ಬಡದೇ ಹಾಕ್ಕೋತಾರಂತ. ಆಯಿ ಗೊತ್ತಿಲ್ದೇ ಬರೋಬ್ಬರಿ ಮಾಡಿದ್ಳು.

ಕಾಕಾನ ಮಗಳು "ಪ್ಲಿಯೆ" ಅಂತ ಒಂದ್ ಮಾಡಿ ತೋರ್ಸಿದ್ಳು, ನೋಡಿದ್ರ ನಮ್ಮ ಅರಮಂಡಿನೇ! ಪಾದ ಬಾಜೂಕ, ಮೊಣಕಾಲು ಬಾಜೂಕ. ಫರಕ್ ಇಷ್ಟೇ, ಅವ್ರು ಅಲ್ಲಿಂದ ಮ್ಯಾಲ ಹಾರ್ತಾರ, ನಾವು ಅಲ್ಲೇ ನಿಂತು ನೆಲ ಬಡೀತೀವಿ. ರಾತ್ರಿ ಮಾಳಗಿ ಮ್ಯಾಲ ಮಕ್ಕೊಂಡಾಗ ಮೊಬೈಲ್ ಟಾರ್ಚ್ ಹಚ್ಚಿ ಕಾಲು ತೋರ್ಸ್ಕೊಂಡ್ವಿ. ಆಕಿದು ಹೆಬ್ಬೆಟ್ಟಿನ ಉಗುರು ಕರ್ರಗ, ನಂದು ಹಿಮ್ಮಡ ಬಿರಕು. ಯಾರ್ದು ಹೆಚ್ಚು ನೋವು ಅಂತ ಜಗಳ ಆಗಿ, ಕಡೀಕ ಇಬ್ಬರಿಗೂ ಆಯಿ ಕೊಬ್ರಿ ಎಣ್ಣಿ ಹಚ್ಚಿದ್ಳು.

ನಮ್ದು ಪುಷ್ಪಾಂಜಲಿ, ಹೂವು ಅರ್ಪಿಸಿ ಸುರು ಮಾಡೂ ನೃತ್ಯ, ನಾಕೇ ನಾಕು ನಿಮಿಷ. ಅದಕ್ಕ ಐದು ವಾರ ರಿಹರ್ಸಲ್. ಎಂಟು ಹುಡುಗ್ಯಾರು, ಅದ್ರಾಗ ಒಂಬತ್ತು ವರ್ಷದ ಪುಟಾಣಿ ಒಂದು ಮುಂದಿನ ಸಾಲಿನ್ಯಾಗ. ಮೇಡಂ ದಿನಾ ಒಂದೇ ಮಾತು, "ಏನೇ ಆಗ್ಲಿ, ಜಡಿ ಬೀಳ್ಲಿ, ಕರೆಂಟ್ ಹೋಗ್ಲಿ, ಹಾಡು ನಿಂದ್ರಲಿ, ನೀವು ನಿಂದ್ರಬಾರ್ದು." ಹಾಡು ಪೆನ್‌ಡ್ರೈವ್‌ನ್ಯಾಗ ಹಾಕಿ ನನ್ನ ಕೈಯಾಗ ಕೊಟ್ಟಿದ್ರು. ನಾನು ಜವಾಬ್ದಾರಿ ಹುಡುಗಿ ಅಂತ!

ಈಗ ಇನ್ನೊಂದು ಪೆನ್‌ಡ್ರೈವ್ ಕತಿ. ಅವ್ವ ನನ್ನ ಮೊಬೈಲ್ ಕಸ್ಕೊಂಡು ಕಪಾಟಿನ್ಯಾಗ ಇಟ್ಟಿದ್ಳು (ಆ ಟಾರ್ಚ್ ಹಚ್ಚಿದ್ದು ಕಾಕಾನ ಮಗಳ ಮೊಬೈಲ್ ಮತ್ತ). ಕೆಮಿಸ್ಟ್ರಿ ಸರ್ ರಿವಿಷನ್ ಆಡಿಯೋ ಕಳಸ್ತಾರ, ಅದನ್ನ ಅಪ್ಪ ಪೆನ್‌ಡ್ರೈವ್‌ಗ ಹಾಕಿ ಟಿವಿಗಿ ಹಚ್ತಿದ್ದ, ನಾನು ಉಣ್ಕೋತ ಕೇಳ್ಬೇಕು. ಎರಡೂ ಕರೀ ಪೆನ್‌ಡ್ರೈವ್. ಬ್ಯಾಗಿನ ಅನುಭವ ಆಗಿತ್ತಲ್ಲ, ಅದಕ್ಕ ಅವ್ವ ಈ ಸಲ ಶಾಣ್ಯಾತನ ಮಾಡಿ ತನ್ನ ಹಣಿ ಮ್ಯಾಲಿನ ಟಿಕಳಿ ತಗದು ಹಾಡಿನ ಪೆನ್‌ಡ್ರೈವಿಗಿ ಹಚ್ಚಿದ್ಳು. "ಟಿಕಳಿ ಇದ್ದದ್ದು ಡಾನ್ಸು, ಬೋಳು ಇದ್ದದ್ದು ಕೆಮಿಸ್ಟ್ರಿ, ನೆನಪಿಡು."

ಪ್ರೋಗ್ರಾಂ ಎಸ್.ಎಂ. ಪಂಡಿತ ರಂಗಮಂದಿರದಾಗ. ದೇವರ ಚಿತ್ರ, ಸಿನಿಮಾ ಪೋಸ್ಟರ್ ಬರದು ದೇಶಕ್ಕೆಲ್ಲಾ ಹೆಸರಾದ ನಮ್ಮೂರಿನ ಚಿತ್ರಗಾರರ ಹೆಸರು ಅದಕ್ಕ. ಅವರ ಚಿತ್ರದಾಗಿನ ದೇವತೆಗಳಿಗಿ ಬೆವರು ಬರಂಗಿಲ್ಲ, ನಮಗ ಬರ್ತದ. ಮಧ್ಯಾಹ್ನ 2ಕ್ಕ ಮೇಕಪ್ ಸುರು. ಪ್ಯಾನ್‌ಕೇಕ್ ಬಳದು, ಕಾಡಿಗಿ ಕಿವಿ ತನಕ ಎಳದು, ತಲಿಗಿ ಸೂರ್ಯ ಚಂದ್ರ ಪಿನ್ನು ಚುಚ್ಚಿ, ಉದ್ದಕ್ಕ ಹೂವಿನ ಜಡಿ, ಸೊಂಟಕ್ಕ ಡಾಬು, ಕೈಗಿ ಕಾಲಿಗಿ ಕೆಂಪು ಬಣ್ಣದ ಆಲ್ತಾ. ಅದಾದಮ್ಯಾಲ ಕುಂದ್ರಂಗಿಲ್ಲ, ಆತು ನಿಂದ್ರಂಗಿಲ್ಲ, ನೀರು ಸೈತ ಸ್ಟ್ರಾ ಹಾಕ್ಕೊಂಡು ಕುಡೀಬೇಕು. ನಮ್ಮ ಪಾಳಿ ಬಂದಾಗ ರಾತ್ರಿ ಎಂಟೂವರೆ. ನಡುವ ಭಾಷಣ, ಎಲ್ಲಾರೂ "ಎರಡೇ ಎರಡು ಮಾತು" ಅಂತ ಸುರು ಮಾಡಿದವ್ರೇ. ಪುಟಾಣಿ ನಿಂತಲ್ಲೇ ನಿದ್ದಿ ಹೊಡೀಲಕತ್ತಿತ್ತು.

ನಾನು ಟಿಕಳಿ ನೋಡೇ, ಎರಡು ಸಲ ನೋಡಿ, ಪೆನ್‌ಡ್ರೈವ್ ಸೌಂಡ್ ಅಣ್ಣಾನ ಕೈಯಾಗ ಕೊಟ್ಟೆ. ಪರದಾ ಎದ್ದಿತು. ಲೈಟ್ ಬಿತ್ತು. ಎಂಟೂ ಮಂದಿ ಕೈಯಾಗ ಹೂವು ಹಿಡ್ಕೊಂಡು ನಗ್ಕೋತ ನಿಂತೀವಿ.

"ಹಾಂ, ಎಲ್ಲಾರೂ ನೋಟ್‌ಬುಕ್ ತಗೀರಿ. ಬೆಂಝೀನ್. ಸಿ ಸಿಕ್ಸ್ ಎಚ್ ಸಿಕ್ಸ್. ಆರು ಕಾರ್ಬನ್, ಆರು ಹೈಡ್ರೋಜನ್."

ನನ್ನ ಜೀವ ಗೆಜ್ಜ್ಯಾಗ ಇಳೀತು. ನಮ್ಮ ಸರ್ ಧ್ವನಿ ಆ ಸ್ಪೀಕರಿನ್ಯಾಗ ಮುಂಗಾರಿನ ಗುಡುಗು ಗುಡುಗಿದಂಗ ಬರ್ಲಕತ್ತಿತ್ತು. ಸರ್‌ಗ ಒಂದು ಚಟ ಅದ, ಪ್ರತಿ ಪಾಯಿಂಟಿಗಿ ಡಸ್ಟರ್ ಟೇಬಲ್ ಮ್ಯಾಲ ಮೂರು ಸಲ ಕುಟ್ಟಿ "ತಿಳೀತೇನು?" ಅಂತಾರ. ಟಕ್ ಟಕ್ ಟಕ್ ಅಂತು. ಅಷ್ಟೇ ಸಾಕಾಯ್ತು, ಆ ಪುಟಾಣಿ ಕಣ್ಣು ತೆರೀತು, ತಟ್ಟುಕಳಿ ಸಪ್ಪಳ ಅಂತ ತಿಳ್ಕೊಂಡು ಅರಮಂಡಿ ಕುಂತು ಕುಣೀಲಿಕ್ಕೇ ಸುರು ಮಾಡ್ತು. ಅದ್ರ ಹಿಂದಿನಾಕಿ ಸುರು ಮಾಡಿದ್ಳು. ನಿಂದ್ರಬಾರ್ದಲ್ಲ! ನಾನೂ ಮಾಡಿದೆ. ಆರು ಕಾರ್ಬನ್ನಿಗಿ ಆರು ಅಕ್ಷರ, ಆರೆಣಿಕಿ ರೂಪಕ ತಾಳಕ್ಕ ಬರೋಬ್ಬರಿ ಕೂಡ್ತು ಅಂತ ಆ ಪರೇಶಾನಿಯೊಳಗೂ ನನ್ನ ದಿಮಾಗಿಗಿ ಹೊಳೀತು ನೋಡ್ರಿ. ಡಬಲ್ ಬಾಂಡ್ ಒಂದು ಬಿಟ್ಟು ಒಂದು ಬರ್ತಾವ ಅಂದಾಗ ನಾವು ಬಲಕ್ಕೊಮ್ಮಿ ಎಡಕ್ಕೊಮ್ಮಿ ಹೋದ್ವಿ. ಮುಂದಿನ ಸಾಲಿನ ದೊಡ್ಡ ಮಂದಿ ಒಬ್ರು ಬಾಜೂದವ್ರಿಗಿ "ವಿಜ್ಞಾನ ಜಾಗೃತಿದು ಹೊಸಾ ಪ್ರಯೋಗ ಕಾಣಸ್ತದ" ಅಂದು ಚಪ್ಪಾಳಿ ಸುರು ಮಾಡಿದ್ರಂತ, ಅವ್ವ ಅವ್ರ ಹಿಂದೇ ಕುಂತು ತಲಿ ಮ್ಯಾಲ ಸೆರಗು ಎಳ್ಕೊಂಡಿದ್ಳು.

ಆಮ್ಯಾಲ ಮೇಡಂ ಸೈಡಿನಿಂದ ಓಡಿ ಬಂದು, ಸೌಂಡ್ ಬಂದ್ ಮಾಡ್ಸಿ, ಮೈಕ್ ಎಳ್ಕೊಂಡು, ನೆಲದ ಮ್ಯಾಲೇ ಕುಂತು ತಟ್ಟುಕಳಿ ಹಿಡದು ತಕಧಿಮಿ ಅನ್ನೂ ಜತಿ ಇಡೀ ಬಾಯಿಲೇ ಹೇಳಿ ಮುಗ್ಸಿಕೊಟ್ರು. ಖರೇ ಹೇಳ್ತೀನಿ, ಆ ಐದು ವಾರದಾಗ ಒಮ್ಮಿನೂ ಅಷ್ಟು ಚಲೋ ಕುಣದಿರ್ಲಿಲ್ಲ ನಾವು. ಮೇಡಂ ಮಾರಿ ನೋಡೂ ಧೈರ್ಯ ಮಾತ್ರ ಯಾರಿಗೂ ಇರ್ಲಿಲ್ಲ.

ಮನಿಗಿ ಬಂದು ಪಂಚನಾಮಾ ಆಯ್ತು. ಎರಡೂ ಪೆನ್‌ಡ್ರೈವ್ ಒಂದೇ ಪೌಚಿನ್ಯಾಗ, ಆ ಪೌಚು ಮಧ್ಯಾಹ್ನ ಎರಡು ತಾಸು ಬಿಸಿಲಾಗ ನಿಂತ ಸ್ಕೂಟಿ ಡಿಕ್ಕ್ಯಾಗ. ಟಿಕಳಿ ಅಂಟು ಕರಗಿ, ಹಾಡಿನದು ಬಿಟ್ಟು ಬಾಜೂದ ಕೆಮಿಸ್ಟ್ರಿಗಿ ಹೋಗಿ ಹತ್ತ್ಯದ. ಅವ್ವ ಅಪ್ಪನ ಮ್ಯಾಲ, ಅಪ್ಪ ಬಿಸಿಲಿನ ಮ್ಯಾಲ ಹಾಕಿದ್ರು. ಆಯಿ ಮಾತ್ರ, "ಹಾಡೇನೋ ಚಲೋ ಇತ್ತು, ಅರ್ಥ ಆಗ್ಲಿಲ್ಲ ಅಷ್ಟೇ" ಅಂದ್ಳು.

ಮರದಿನ ಮುಂಜಾನಿ 6ಕ್ಕ ಟ್ಯೂಷನ್. ಕೈಯಾಗ ಆಲ್ತಾ ಹಂಗೇ ಇತ್ತು, ಮುಷ್ಟಿ ಬಿಗಿ ಹಿಡ್ಕೊಂಡು ಕಡೀ ಬೆಂಚಿಗಿ ಹೋಗಿ ಕುಂತೆ. ವಿಡಿಯೋ ಅಷ್ಟೊತ್ತಿಗಿ ಎಲ್ಲಾರ ಮೊಬೈಲ್‌ನ್ಯಾಗೂ ಬಂದಿತ್ತು, ಸರ್ ಮೊಬೈಲ್‌ನ್ಯಾಗೂ. ಸರ್ ಒಂದ್ ಮಾತೂ ಅನ್ಲಿಲ್ಲ. ಬೋರ್ಡಿಗಿ ಮಾರಿ ಮಾಡಿದ್ರು, ರಿಂಗ್ ತಗದ್ರು, ಡಸ್ಟರ್ ಎತ್ತಿ ಟೇಬಲ್ ಮ್ಯಾಲ ಕುಟ್ಟಿದ್ರು, ಟಕ್ ಟಕ್ ಟಕ್. ನಾ ಏನೂ ಮಾಡ್ಲಿಲ್ರಿ, ನನ್ನ ಕಾಲು ತಾನೇ ತಟ್ಟಡವಿಗಿ ಎದ್ದಿತು, ಬೆಂಚಿನ ಕೆಳಗಿನ ನೀಲಿ ಬ್ಯಾಗಿಗಿ ಬಡೀತು.

ಝಲ್.

"ಬಂತು ನೋಡ್ರಪ್ಪ ಎತ್ತು" ಅಂದ್ರು ಸರ್.